ನಾಯಿ ಕಾಡುಹಂದಿ ಕರುಳು ತಿಂದಿದೆ, ಏನ್ ಮಾಡ್ಲಿ?

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜ್‌ಗಳಲ್ಲಿ ಹೆಚ್ಚಿನವು ನಾಯಿಗಳು ಕಾಡುಪ್ರಾಣಿಯ ಹಸಿ ಮಾಂಸ ತಿಂದ ವಿಷಯದ್ದೇ. ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಈ ಸಲ ಪೂರ್ತಿ ಜಾಗ ಇದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ಸಾರ್, ನಮ್ದು ಸಕಲೇಶಪುರದ ಹತ್ರ ಕಾಫಿ ತೋಟ. ಎರಡು ನಾಯಿ ಇದಾವೆ, ರಾತ್ರಿ ಬಿಟ್ಟಿರ್ತೀವಿ. ಹೋದ ವಾರ ತೋಟದ ಕೆಳಗೆ ಹಳ್ಳದ ಹತ್ರ ಒಂದು ಕಾಡುಹಂದಿ ಸತ್ತು ಬಿದ್ದಿತ್ತು, ನಾವು ನೋಡೋಷ್ಟರಲ್ಲಿ ಇವು ಹೊಟ್ಟೆ ಬಗೆದು ಲಿವರ್ರು, ಕರುಳು ಎಲ್ಲಾ ತಿಂದ್ಬಿಟ್ಟಿದ್ವು. ಈಗ ಆರಾಮಾಗೇ ಓಡಾಡ್ಕೊಂಡಿವೆ, ಊಟನೂ ಸರಿಯಾಗಿ ಮಾಡ್ತಿವೆ. ಸೀಳುನಾಯಿಗಳು ಹಸಿ ಮಾಂಸ ತಿಂದೇ ಬದುಕಲ್ವಾ, ಏನೂ ಆಗಲ್ಲ ಅಂತಾರೆ ನಮ್ಮಪ್ಪ. ಆದ್ರೆ ಮನೇಲಿ 4 ವರ್ಷದ ಮಗಳಿದಾಳೆ, ಇಡೀ ದಿನ ನಾಯಿ ಜೊತೆನೇ ಆಟ. ಹೆದರ್ಬೇಕಾ?

ಉತ್ತರ: ನಾಯಿಗೋಸ್ಕರ ಅಷ್ಟೊಂದು ಹೆದರ್ಬೇಡಿ, ಮಗಳಿಗೋಸ್ಕರ ಇವತ್ತೇ ಕೆಲಸ ಶುರು ಮಾಡಿ. ನಿಮ್ಮ ತಂದೆಯವರು ಹೇಳಿದ್ದು ಸುಳ್ಳಲ್ಲ, ಸೀಳುನಾಯಿ ಹಸಿ ಮಾಂಸ ತಿಂದೇ ಬದುಕತ್ತೆ, ಆದ್ರೆ ಅದರ ಕರುಳಲ್ಲೂ ಲಾಡಿಹುಳ ಇರತ್ತೆ. ಅದು ಕಾಡಲ್ಲಿ ಹಾಕಿದ ಲದ್ದಿಯಿಂದ ಹುಳದ ಮೊಟ್ಟೆ ಹುಲ್ಲಿಗೆ ಸೇರಿ, ಆ ಹುಲ್ಲು ಮೇಯ್ದ ಜಿಂಕೆ, ಕಡವೆ, ನೆಲ ಕೆದಕೋ ಹಂದಿ ಇವುಗಳ ಲಿವರಲ್ಲಿ, ಹೊಟ್ಟೆಯೊಳಗಿನ ಪೊರೆಯಲ್ಲಿ ನೀರು ತುಂಬಿದ ಗುಳ್ಳೆ ಆಗತ್ತೆ, ಆ ಗುಳ್ಳೆನ ಇನ್ನೊಂದು ನಾಯಿ ಜಾತಿ ಪ್ರಾಣಿ ತಿಂದಾಗ ಮತ್ತೆ ಲಾಡಿಹುಳ. ಇದು ಕಾಡೊಳಗೇ ಸುತ್ತುವ ಚಕ್ರ. ನಿಮ್ಮ ನಾಯಿ ಆ ಲಿವರ್ ತಿಂದು ಬಂದು ಜಗಲಿ ಮೇಲೆ ಮಲಗಿದಾಗ ಆ ಚಕ್ರ ಮನೆ ಒಳಗೆ ಬರತ್ತೆ.

ಇಂಥ ಲಾಡಿಹುಳಗಳಲ್ಲಿ ಹೆಚ್ಚಿನವು ಮನುಷ್ಯರಿಗೆ ಏನೂ ಮಾಡಲ್ಲ. ಒಂದನ್ನ ಮಾತ್ರ ನಾನು ಎಲ್ಲರಿಗೂ ಹೆಸರು ಹಿಡಿದು ಹೇಳ್ತೀನಿ, ಎಕೈನೊಕಾಕಸ್ ಗ್ರಾನ್ಯುಲೋಸಸ್. ಲಾಡಿಹುಳ ಅಂದ್ರೆ ಮಾರುದ್ದ ಇರತ್ತೆ ಅಂತ ನಾವು ಅಂದ್ಕೊಂಡಿರ್ತೀವಿ, ಇದು ಉದ್ದ ಅಂದ್ರೆ 3ರಿಂದ 6 ಮಿಲಿಮೀಟರ್, ಲದ್ದೀಲಿ ಎಷ್ಟು ಹುಡುಕಿದ್ರೂ ಕಣ್ಣಿಗೆ ಬೀಳೋದೇ ಕಷ್ಟ. ಒಂದು ನಾಯಿ ಕರುಳಲ್ಲಿ ಸಾವಿರಗಟ್ಟಲೆ ಇದ್ರೂ ನಾಯಿ ಸೊರಗಲ್ಲ, ಭೇದಿ ಆಗಲ್ಲ, ಮೈ ಹೊಳಪು ಕಮ್ಮಿ ಆಗಲ್ಲ. ಹಾಗಾಗಿ 'ಆರಾಮಾಗೇ ಇದೆ' ಅನ್ನೋದು ಇಲ್ಲಿ ಏನನ್ನೂ ಹೇಳಲ್ಲ. ಗುಳ್ಳೆ ತಿಂದು ಹೆಚ್ಚು ಕಮ್ಮಿ 6-7 ವಾರ ಆದ್ಮೇಲೆ ಲದ್ದೀಲಿ ಮೊಟ್ಟೆ ಬರೋಕೆ ಶುರುವಾಗತ್ತೆ. ಆ ಮೊಟ್ಟೆ ನಾಯಿಯ ಹಿಂಭಾಗದ ಕೂದಲಿಗೆ ಅಂಟತ್ತೆ, ನೆಕ್ಕಿಕೊಂಡಾಗ ಮೂತಿಗೆ ಬರತ್ತೆ, ಅಂಗಳದ ಮಣ್ಣಿಗೆ, ಸೊಪ್ಪಿನ ಮಡಿಗೆ ಸೇರತ್ತೆ, ತಂಪು ಮತ್ತು ತೇವ ಇರೋ ಕಡೆ ತಿಂಗಳುಗಟ್ಟಲೆ ಬದುಕತ್ತೆ, ನಿಮ್ಮ ಮಲೆನಾಡಿನ ಮಣ್ಣು ಅದಕ್ಕೆ ಹೇಳಿಮಾಡಿಸಿದ ಜಾಗ. ಮಗು ನಾಯಿ ತಬ್ಬಿಕೊಂಡು ಅದೇ ಕೈಯಲ್ಲಿ ಬಿಸ್ಕತ್ತು ತಿಂದ್ರೆ ಮೊಟ್ಟೆ ಹೊಟ್ಟೆಗೆ ಹೋಯ್ತು. ಅಲ್ಲಿಂದ ಮುಖ್ಯವಾಗಿ ಲಿವರ್, ಆಮೇಲೆ ಶ್ವಾಸಕೋಶದಲ್ಲಿ ನೀರುಗುಳ್ಳೆ ಆಗಿ ವರ್ಷಗಟ್ಟಲೆ ನಿಧಾನಕ್ಕೆ ಬೆಳೀತಾ ಹೋಗತ್ತೆ. ತುಂಬಾ ಜನರಿಗೆ ಬೇರೆ ಏನಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಗೊತ್ತಾಗೋದು. ಗುಳ್ಳೆ ಒಳಗೇ ಒಡೆದ್ರೆ ಜೀವಕ್ಕೇ ಅಪಾಯ ಆಗೋಷ್ಟು ಅಲರ್ಜಿ ಆಗಬಹುದು. ಆಪರೇಷನ್ನು, ಇಲ್ಲಾ ಸ್ಕ್ಯಾನ್ ನೋಡ್ಕೊಂಡು ಸೂಜಿಯಿಂದ ತೆಗೆಯೋದು, ಜೊತೆಗೆ ತಿಂಗಳುಗಟ್ಟಲೆ ಮಾತ್ರೆ, ಚಿಕಿತ್ಸೆ ಇದೆ, ಆದ್ರೆ ಸುಲಭ ಅಲ್ಲ.

ಹೆದರಿಸೋಕೆ ಹೇಳ್ತಿಲ್ಲ. ಒಂದು ಸಲ ತಿಂದ ತಕ್ಷಣ ಹೀಗೇ ಆಗತ್ತೆ ಅಂತ ಅಲ್ಲ, ಆ ಹಂದಿ ಲಿವರಲ್ಲಿ ಗುಳ್ಳೆ ಇತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ. ಆದ್ರೆ ತಡೆಯೋದು ಎಷ್ಟು ಸುಲಭ ಅಂತ ಗೊತ್ತಿದ್ದೂ ಸುಮ್ನಿರಬಾರದು. ಪ್ರಾಜಿಕ್ವಾಂಟೆಲ್ ಅನ್ನೋ ಔಷಧಿ ಇರೋ ಮಾತ್ರೆ, ಕೆಜಿ ತೂಕಕ್ಕೆ 5 ಮಿಲಿಗ್ರಾಂ ಲೆಕ್ಕದಲ್ಲಿ ಕೊಡೋದು. ನಾಯಿನ ಸರಿಯಾಗಿ ತೂಕ ಹಾಕ್ಸಿ, ಅಂದಾಜಲ್ಲಿ ಅರ್ಧ ಮಾತ್ರೆ ಕೊಟ್ರೆ ಕೊಟ್ಟೂ ಉಪಯೋಗ ಇಲ್ಲ. ಮಾತ್ರೆ ಸ್ಟ್ರಿಪ್ ಮೇಲೆ ಈ ಹೆಸರು ಇದೆಯಾ ಅಂತ ಓದಿ ನೋಡಿ, ಯಾಕಂದ್ರೆ ಜಂತುಹುಳದ ಔಷಧಿ ಅಂತ ಸಿಗೋದ್ರಲ್ಲಿ ಕೆಲವು ದುಂಡುಹುಳಕ್ಕೆ, ಕೊಕ್ಕೆಹುಳಕ್ಕೆ ಮಾತ್ರ, ಫೆನ್‌ಬೆಂಡಜೋಲ್ ಕೆಲವು ಲಾಡಿಹುಳಕ್ಕೆ ಆಗತ್ತೆ ಆದ್ರೆ ಈ ಎಕೈನೊಕಾಕಸ್‌ಗೆ ಅದನ್ನ ನಂಬೋ ಹಾಗಿಲ್ಲ. ಈಗ್ಲೇ ಒಂದು ಡೋಸ್ ಕೊಡಿ, ನಿಮ್ಮ ನಾಯಿಗಳು ರಾತ್ರಿ ತೋಟ ಸುತ್ತೋವು ಅಂದ್ಮೇಲೆ 6 ವಾರಕ್ಕೊಮ್ಮೆ ಕೊಡ್ತಾ ಇರಿ. ಆಗ ಹೊಸದಾಗಿ ಹುಳ ಸೇರಿದ್ರೂ ಮೊಟ್ಟೆ ಹಾಕೋ ಮುಂಚೆನೇ ಸಾಯತ್ತೆ. ಇನ್ನೊಂದು ವಿಷಯ, ಈ ಔಷಧಿ ಹುಳನ ಕೊಲ್ಲತ್ತೆ, ಮೊಟ್ಟೆನ ಕೊಲ್ಲಲ್ಲ. ಅದಕ್ಕೆ ಮಾತ್ರೆ ಕೊಟ್ಟ ಮೇಲೆ ಎರಡು ಮೂರು ದಿನ ನಾಯಿನ ಕಟ್ಟಿಹಾಕಿ, ಗ್ಲೌಸ್ ಹಾಕ್ಕೊಂಡು ಲದ್ದಿ ಎತ್ತಿ ಸುಟ್ಟುಹಾಕಿ ಅಥವಾ ಆಳಕ್ಕೆ ಹೂತುಬಿಡಿ.

ನ್ಯೂಜಿಲೆಂಡಲ್ಲಿ ಒಂದು ಕಾಲಕ್ಕೆ ಕುರಿ ಕಾಯೋ ನಾಯಿಗಳಿಂದ ಜನರಿಗೆ ಈ ಕಾಯಿಲೆ ಬೇಕಾದಷ್ಟು ಬರ್ತಿತ್ತು. ನಾಯಿಗೆ ಹಸಿ ಲಿವರ್, ಶ್ವಾಸಕೋಶ ಹಾಕೋದನ್ನ ನಿಲ್ಲಿಸಿ, ನಾಯಿಗಳಿಗೆ ತಪ್ಪದೆ ಔಷಧಿ ಕೊಟ್ಟು, ದಶಕಗಳ ಕೆಲಸದ ಮೇಲೆ 2002ರಲ್ಲಿ ಆ ದೇಶ ತಾನು ಇದರಿಂದ ಮುಕ್ತ ಅಂತ ತಾತ್ಕಾಲಿಕವಾಗಿ ಘೋಷಿಸಿಕೊಳ್ತು. ನಮ್ಮಲ್ಲಿ ಕಾಡುಹಂದಿಗಿಂತ ದೊಡ್ಡ ಮೂಲ ಕುರಿ, ದನ, ಎಮ್ಮೆ, ಊರುಹಂದಿ ಕಡಿದಾಗ ಬಿಸಾಡೋ ಒಳಭಾಗಗಳು. ಭಾನುವಾರ ಅಂಗಡಿ ಹಿಂದೆ ನಾಯಿಗಳು ಮುತ್ತಿಕೊಂಡಿರ್ತಾವಲ್ಲ, ಅದನ್ನ ನೋಡಿದ್ರೆ ನನಗೆ ನಿಜಕ್ಕೂ ಸಂಕಟ ಆಗತ್ತೆ.

ಹಂದಿ ಮಾಂಸದಲ್ಲಿ ಟ್ರೈಕಿನೆಲ್ಲಾ ಅನ್ನೋ ಹುಳದ ಮರಿಗಳೂ ಇರಬಹುದು, ಇವು ಮಾಂಸಖಂಡದೊಳಗೇ ಇರೋವು. ನಾಯಿಗೆ ಬಂದ್ರೂ ನಾಯಿ ನೆಕ್ಕಿದ್ರಿಂದ ಮಗಳಿಗೆ ಬರಲ್ಲ. ಅದೇ ಹಂದಿ ಮಾಂಸ ಸರಿಯಾಗಿ ಬೇಯಿಸದೆ ಮನುಷ್ಯರು ತಿಂದ್ರೆ ಬರತ್ತೆ. ಹಾಗೇ, ಸತ್ತ ಕಾಡುಹಂದಿ ಕಂಡ್ರೆ ಅರಣ್ಯ ಇಲಾಖೆಗೆ ಹೇಳಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದರ ಮಾಂಸ ಮನೇಲಿಟ್ಕೊಳ್ಳೋದೂ ಅಪರಾಧ. ಮಗಳಿಗೆ ಊಟಕ್ಕೆ ಮುಂಚೆ ಸೋಪಲ್ಲಿ ಕೈ ತೊಳೆಸಿ, ನಾಯಿ ಮುಖ ನೆಕ್ಕೋಕೆ ಬಿಡ್ಬೇಡಿ. ನಾಯಿನ ದೂರ ಮಾಡೋ ಅಗತ್ಯ ಏನೂ ಇಲ್ಲ.

ಪ್ರಶ್ನೆ: ನಮಸ್ಕಾರ್ರೀ ಡಾಕ್ಟ್ರ. ನಾವು ಮುಧೋಳ ತಾಲೂಕಿನವ್ರು, ನಮ್ಮ ಕಡೆ ಮುಧೋಳ ನಾಯಿ ಐತ್ರಿ. ಹೊಲಕ್ಕ ಬಿಟ್ರ ಸಾಕು ಮೊಲದ ಬೆನ್ನ ಹತ್ತತೈತಿ, ಹಿಡದ್ರ ನಾವು ಹೋಗೂದ್ರಾಗ ತಿಂದ ಬಿಟ್ಟಿರತೈತಿ. ಈಗ ಲದ್ದ್ಯಾಗ ಬಿಳಿ ಅಕ್ಕಿಕಾಳಿನಂಗ ಬರಾಕತ್ತಾವು, ಕೆಲವು ಹರದಾಡತಾವು. ಮೊಲದಿಂದ ಬಂತೋ ಏನ್ರಿ? ಹಟ್ಟ್ಯಾಗ ಕುರಿನೂ ಅದಾವು.

ಉತ್ತರ: ಹರಿದಾಡ್ತಾವೆ ಅಂದ್ಮೇಲೆ ಅವು ಲಾಡಿಹುಳದ ತುಂಡುಗಳೇ. ಎರಡು ಕಡೆಯಿಂದ ಬಂದಿರಬಹುದು. ಮೊಲದ ಹೊಟ್ಟೆಯೊಳಗೆ ಬಟಾಣಿ ಗಾತ್ರದ ಗುಳ್ಳೆಗಳ ಗೊಂಚಲು ಇರತ್ತೆ, ಟೀನಿಯಾ ಪಿಸಿಫಾರ್ಮಿಸ್ ಅನ್ನೋ ಹುಳದ್ದು, ಅದನ್ನ ತಿಂದ ನಾಯಿಗೆ ಸುಮಾರು ಎರಡು ತಿಂಗಳಲ್ಲಿ ಲದ್ದೀಲಿ ತುಂಡು ಬೀಳೋಕೆ ಶುರುವಾಗತ್ತೆ. ಇನ್ನೊಂದು, ಮೊಲಕ್ಕೆ ಸಂಬಂಧನೇ ಇಲ್ಲದ ಡಿಪಿಲಿಡಿಯಂ, ಮೈ ಮೇಲಿನ ಚಿಗಟ ನುಂಗೋದ್ರಿಂದ ಬರೋದು. ಎರಡಕ್ಕೂ ಔಷಧಿ ಅದೇ ಪ್ರಾಜಿಕ್ವಾಂಟೆಲ್, ಆದ್ರೆ ಚಿಗಟದ್ದಾಗಿದ್ರೆ ಚಿಗಟಕ್ಕೂ ಔಷಧಿ ಹಾಕಿ ಮಲಗೋ ಜಾಗ ಸ್ವಚ್ಛ ಮಾಡದಿದ್ರೆ ತಿಂಗಳೊಳಗೆ ವಾಪಸ್ ಬರತ್ತೆ. ಒಂದೆರಡು ತುಂಡು ಚಿಕ್ಕ ಬಾಟಲಿಯಲ್ಲಿ ನೀರು ಹಾಕಿ ನಿಮ್ಮೂರ ಪಶು ಆಸ್ಪತ್ರೆಗೆ ತಗೊಂಡು ಹೋಗಿ, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಯಾವುದು ಅಂತ ಹೇಳ್ತಾರೆ.

ಮೊಲದ ಹುಳದಿಂದ ನಿಮಗಾಗ್ಲಿ ಕುರಿಗಾಗ್ಲಿ ತೊಂದರೆ ಇಲ್ಲ. ಆದ್ರೆ ಹಟ್ಟೀಲಿ ಕುರಿ ಇದಾವೆ ಅಂದ್ರಲ್ಲ, ನನ್ನ ಗಮನ ಅಲ್ಲಿಗೇ ಹೋಯ್ತು. ಕುರಿ ತಲೆ ಒಂದು ಕಡೆ ವಾಲಿಸ್ಕೊಂಡು ಒಂದೇ ದಿಕ್ಕಿಗೆ ಗಿರಗಿರ ಸುತ್ತಿ, ಕಣ್ಣು ಕಾಣದೆ ಗೋಡೆಗೆ ಹಾಯ್ದು, ಮೇವು ಬಿಟ್ಟು ಸಾಯೋದನ್ನ ಕುರಿ ಸಾಕೋರು ನೋಡೇ ಇರ್ತೀರಿ. ಅದಕ್ಕೆ ಒಂದು ದೊಡ್ಡ ಕಾರಣ ಟೀನಿಯಾ ಮಲ್ಟಿಸೆಪ್ಸ್ ಅನ್ನೋ ಲಾಡಿಹುಳ, ಇದು ಇರೋದು ನಾಯಿ ಕರುಳಲ್ಲಿ, ಮೊಟ್ಟೆ ಹುಲ್ಲಿಗೆ ಬಿದ್ದು ಕುರಿ ಮೇಯ್ದಾಗ ಅದರ ಮೆದುಳಲ್ಲಿ ಗುಳ್ಳೆ ಬೆಳೆಯತ್ತೆ. ಆ ಕುರಿ ಸತ್ತಾಗ ಅಥವಾ ಕಡಿದಾಗ ತಲೆನ ನಾಯಿಗೆ ಎಸೀತಾರೆ, ನಾಯಿ ಬುರುಡೆ ಒಡೆದು ಮೆದುಳು ತಿನ್ನತ್ತೆ, ಅದೇ ನಾಯಿ ಮತ್ತೆ ಹಿಂಡಿನ ಜೊತೆ ನಡೆಯತ್ತೆ. ಹಿಂಡು ಹೊಡ್ಕೊಂಡು ಊರೂರು ತಿರುಗೋ ಕುರಿಗಾರರು ವರ್ಷ ವರ್ಷ ಮರಿಗಳನ್ನ ಹೀಗೇ ಕಳ್ಕೊಳ್ತಾರೆ, ಕುರಿಗೆ ಔಷಧಿ ಅಂತ ದುಡ್ಡು ಸುರೀತಾರೆ, ಜೊತೇಲಿ ನಡೆಯೋ ನಾಯಿಗಳಿಗೆ ಒಂದು ಮಾತ್ರೆ ಹಾಕಲ್ಲ. ದಯವಿಟ್ಟು ನಿಮ್ಮ ಸುತ್ತಮುತ್ತ ಕುರಿ ಸಾಕೋ ಅಣ್ಣತಮ್ಮಂದಿರಿಗೆ ಇದನ್ನ ಓದಿ ಹೇಳಿ. ಸುತ್ತು ಹಾಕಿ ಸತ್ತ ಕುರಿಯ ತಲೆ ಹೂಳಬೇಕು, ನಾಯಿಗೆ ಹಾಕಲೇಬಾರದು.

ಮೊಲ ಹಿಡಿಯೋದು ಆ ನಾಯಿ ರಕ್ತದಲ್ಲೇ ಇದೆ, ಬೈದು ಪ್ರಯೋಜನ ಇಲ್ಲ. ಆದ್ರೆ ಮೊಲದ ಬೇಟೆ ಕಾನೂನಿನ ಪ್ರಕಾರ ಅಪರಾಧ, ನಾಯಿ ಬಿಟ್ಟು ಹಿಡಿಸಿದ್ರೂ ಅಷ್ಟೇ. ಬೆಳಗ್ಗೆ ಸಂಜೆ ಹಗ್ಗ ಹಿಡ್ಕೊಂಡು ಓಡಿಸಿ, ಬೇಲಿ ಹಾಕಿದ ಜಾಗದಲ್ಲಿ ಬಿಡಿ.

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿ ಆಸ್ಟಿನ್ ಹತ್ರ ಇದೀವಿ, ಮೂಲ ದಾವಣಗೆರೆ. ನಮ್ಮ ನೇಬರ್ ಹಂಟಿಂಗ್ ಹೋಗ್ತಾರೆ, ಲೈಸೆನ್ಸ್ ಎಲ್ಲಾ ಇದೆ, ಜಿಂಕೆ ಮಾಂಸ, ಕಾಡುಹಂದಿ ಮಾಂಸ ನಮ್ಮ ಲ್ಯಾಬ್ರಡಾರ್‌ಗೆ ಅಂತ ಕೊಡ್ತಾರೆ. ರಾ ಡಯೆಟ್ ಒಳ್ಳೇದು ಅಂತ ಓದಿದೀನಿ. ಎರಡು ದಿನ ಫ್ರೀಜ್ ಮಾಡಿ ಹಸಿಯಾಗೇ ಕೊಟ್ರೆ ಸೇಫ್ ಅಲ್ವಾ?

ಉತ್ತರ: ಎರಡು ದಿನ ಸಾಲಲ್ಲ, ಕಾಡುಹಂದಿ ಮಾಂಸಕ್ಕಂತೂ ಎಷ್ಟು ದಿನ ಇಟ್ರೂ ನಾನು ಹಸಿ ಕೊಡಿ ಅನ್ನಲ್ಲ. ಸಾಕಿದ ಹಂದಿ ಮಾಂಸದ ಟ್ರೈಕಿನೆಲ್ಲಾಗೆ ಅಮೆರಿಕದಲ್ಲಿ ಹೇಳೋ ಲೆಕ್ಕವೇ 15 ಸೆಂಟಿಮೀಟರ್‌ಗಿಂತ ತೆಳು ತುಂಡನ್ನ ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ದಿನ. ಕಾಡುಪ್ರಾಣಿಗಳಲ್ಲಿರೋ ಟ್ರೈಕಿನೆಲ್ಲಾದ ಕೆಲವು ಜಾತಿಗಳು ಚಳಿ ತಡ್ಕೊಳ್ಳೋವು, ಅವುಕ್ಕೆ ಆ ಲೆಕ್ಕ ನಡೆಯಲ್ಲ. ಅದಕ್ಕಿಂತ ಮುಖ್ಯ, ನಿಮ್ಮ ಕಡೆಯ ಕಾಡುಹಂದಿಗಳಲ್ಲಿ ಪರಾವಲಂಬಿ ಅಲ್ಲದ ಇನ್ನೆರಡು ಇದಾವೆ. ಒಂದು ಸೂಡೋರೇಬೀಸ್ ವೈರಸ್, ನಾಯಿಗೆ ತಗುಲಿದ್ರೆ ಮುಖ ಕೆರ್ಕೊಂಡು ಕೆರ್ಕೊಂಡು ಗಾಯ ಮಾಡ್ಕೊಂಡು, ಜೊಲ್ಲು ಸುರಿಸಿ, ಎರಡು ಮೂರು ದಿನದಲ್ಲಿ ಸಾಯತ್ತೆ, ಚಿಕಿತ್ಸೆ ಇಲ್ಲ. ಇನ್ನೊಂದು ಬ್ರುಸೆಲ್ಲಾ ಸೂಯಿಸ್ ಬ್ಯಾಕ್ಟೀರಿಯಾ, ಇದು ನಾಯಿಗೂ ಬರತ್ತೆ, ಹಸಿ ಮಾಂಸ ಕತ್ತರಿಸೋ ನಿಮಗೂ ಬರತ್ತೆ. ಫ್ರೀಜರ್‌ಗೆ ಇವೆರಡೂ ಬಗ್ಗಲ್ಲ.

ಮೊಲ, ಇಲಿ ಹಿಡಿದು ತಿನ್ನೋ ಅಭ್ಯಾಸ ಇದ್ರೆ ಅದನ್ನೂ ಬಿಡಿಸಿ. ಟೆಕ್ಸಸ್ ಮತ್ತು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹೆಪಟೊಜೂನ್ ಅಮೆರಿಕಾನಂ ಅನ್ನೋ ಏಕಕೋಶ ಜೀವಿ ಇದೆ. ನಾಯಿ ಅಲ್ಲಿನ ಗಲ್ಫ್ ಕೋಸ್ಟ್ ಉಣುಗನ್ನ ನುಂಗಿದ್ರೂ ಬರತ್ತೆ, ಸೋಂಕಿರೋ ಮೊಲ, ಇಲಿ ತಿಂದ್ರೂ ಬರತ್ತೆ. ಜ್ವರ, ಮುಟ್ಟಿದ್ರೆ ನೋವಲ್ಲಿ ಕಿರುಚೋದು, ಕಣ್ಣಲ್ಲಿ ಪಿಸುರು, ಬಿಳಿ ರಕ್ತಕಣ ವಿಪರೀತ ಏರೋದು, ಇವು ಲಕ್ಷಣ. ಮೊದಲ ಚಿಕಿತ್ಸೆ ಆದ್ಮೇಲೂ ಮತ್ತೆ ಮರುಕಳಿಸದ ಹಾಗೆ ಡೆಕೊಕ್ವಿನೇಟ್ ಅನ್ನೋ ಔಷಧಿನ ಎರಡು ವರ್ಷದವರೆಗೂ ಕೊಡಬೇಕಾಗತ್ತೆ. ನಮ್ಮ ಊರಲ್ಲೂ ಹೆಪಟೊಜೂನ್ ಇದೆ, ಬೇರೆ ಜಾತಿ, ಸಾಮಾನ್ಯ ನಾಯಿ ಉಣುಗು ನುಂಗಿ ಬರೋದು, ಅಷ್ಟು ಭೀಕರ ಅಲ್ಲ.

ಜಿಂಕೆ ಮಾಂಸನ ಒಳಗಿನ ಉಷ್ಣತೆ 71 ಡಿಗ್ರಿ ಸೆಲ್ಸಿಯಸ್ ದಾಟೋ ಹಾಗೆ ಬೇಯಿಸಿ, ಉಪ್ಪು ಮಸಾಲೆ ಈರುಳ್ಳಿ ಹಾಕದೆ ಕೊಡಿ, ತಿನ್ಲಿ, ಒಳ್ಳೇ ಮಾಂಸನೇ ಅದು. ಬೆಂದ ಮೂಳೆ ಮಾತ್ರ ಬೇಡ, ಸೀಳಾಗಿ ಕರುಳಿಗೆ ಚುಚ್ಚತ್ತೆ. ಗುಂಡು ಬಿದ್ದ ಜಾಗದ ಸುತ್ತ ಸೀಸದ ಚೂರು ಹರಡಿರತ್ತೆ, ಆ ಭಾಗ ದೊಡ್ಡದಾಗೇ ಕತ್ತರಿಸಿ ಬಿಸಾಡೋಕೆ ನಿಮ್ಮ ನೇಬರ್‌ಗೆ ಹೇಳಿ.

ಪ್ರಶ್ನೆ: ನಾನು ಹೊಸನಗರ ಕಡೆಯ ಗೃಹಿಣಿ, 5 ಹಸು ಇವೆ, ಹಾಲು ಡೇರಿಗೆ ಹಾಕ್ತೀವಿ. ಹೋದ ವರ್ಷದಿಂದ ಎರಡು ಹಸು ಆರು ತಿಂಗಳಿಗೆ ಕಂದು ಹಾಕಿದ್ವು. ನಾಯಿ ಕಾಡಿಂದ ಏನೇನೋ ಎಳ್ಕೊಂಡು ಬರತ್ತೆ, ಒಂದ್ಸಲ ಜಿಂಕೆ ಕಾಲು ತಂದಿತ್ತು. ನಾಯಿಯಿಂದಲೇ ಹೀಗಾಗಿದ್ದು ಅಂತ ಪಕ್ಕದ ಮನೆಯವ್ರು ಹೇಳ್ತಾರೆ. ಇದು ನಿಜಾನಾ ಅಥವಾ ಮೂಢನಂಬಿಕೆನಾ?

ಉತ್ತರ: ಮೂಢನಂಬಿಕೆ ಅಲ್ಲಮ್ಮ, ಆದ್ರೆ ನಾಯಿ ಮೇಲೆ ತೀರ್ಪು ಕೊಡೋ ಮುಂಚೆ ಬೇರೆ ಒಂದನ್ನ ನೋಡ್ಲೇಬೇಕು. ಹಸು ಕಂದು ಹಾಕಿದ್ರೆ ಮೊದಲ ಅನುಮಾನ ಬ್ರುಸೆಲ್ಲೋಸಿಸ್ ಮೇಲೆ ಇರಬೇಕು, ಯಾಕಂದ್ರೆ ಅದು ಹಾಲು ಕರೆಯೋ, ಸತ್ತೆ (ಹಸು ಹಾಕೋ ಮಾಸು) ಎತ್ತೋ ನಿಮಗೇ ಅಂಟೋ ಕಾಯಿಲೆ. ಎರಡೂ ಹಸುಗಳ ರಕ್ತ ಪರೀಕ್ಷೆಗೆ ಕಳಿಸೋಕೆ ಪಶುವೈದ್ಯರಿಗೆ ಹೇಳಿ, ರಿಪೋರ್ಟ್ ಬರೋವರೆಗೂ ಹಾಲು ಚೆನ್ನಾಗಿ ಕಾಯಿಸದೆ ಮನೇಲಿ ಯಾರೂ ಕುಡೀಬೇಡಿ, ಗರ್ಭದ ನೀರು, ಸತ್ತೆ ಬರಿಗೈಲಿ ಮುಟ್ಟಬೇಡಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆ ಸರ್ಕಾರದ ಕಾರ್ಯಕ್ರಮದಲ್ಲೇ ಹಾಕ್ತಾರೆ, ಹಾಕಿಸಿಲ್ಲ ಅಂದ್ರೆ ಕೇಳಿ.

ಬ್ರುಸೆಲ್ಲಾ ಇಲ್ಲ ಅಂತಾದ್ರೆ ನಿಯೋಸ್ಪೊರಾ ಕ್ಯಾನೈನಂ ನೋಡಬೇಕು. ಇದು ಕಣ್ಣಿಗೆ ಕಾಣದ ಏಕಕೋಶ ಜೀವಿ, ಭಾರತ ಮೂಲದ ವಿಜ್ಞಾನಿ ಜೆ.ಪಿ. ದುಬೆ ಮತ್ತು ಸಂಗಡಿಗರು 1988ರಲ್ಲಿ ಇದಕ್ಕೆ ಹೆಸರು ಕೊಟ್ಟಿದ್ದು. ನಾಯಿ ಸೋಂಕಿರೋ ಹಸಿ ಮಾಂಸ, ಮೆದುಳು, ಇಲ್ಲಾ ಹಸುವಿನ ಸತ್ತೆ ತಿಂದ್ರೆ ಕೆಲವು ದಿನ ಅದರ ಲದ್ದೀಲಿ ಈ ಜೀವಿಯ ಬೀಜಕಗಳು ಹೊರಗೆ ಬರತ್ತೆ, ಅದು ಹುಲ್ಲಿನ ಬಣವೆಗೋ ನೀರಿನ ತೊಟ್ಟಿಗೋ ಸೇರಿ ಹಸು ಹೊಟ್ಟೆಗೆ ಹೋದ್ರೆ ಗರ್ಭ ಹೋಗಬಹುದು, ಹೆಚ್ಚಾಗಿ ಐದು ಆರು ತಿಂಗಳಿಗೆ, ನಿಮ್ಮ ಹಸುಗಳ ಲೆಕ್ಕಕ್ಕೂ ಹೊಂದತ್ತೆ. ಅಮೆರಿಕದಲ್ಲಿ ಸೋಂಕಿದ್ದ ಕಾಡು ಜಿಂಕೆಗಳ ಮೆದುಳು ತಿನ್ನಿಸಿದ ನಾಯಿಗಳ ಲದ್ದೀಲಿ ಇದು ಬಂದಿದ್ದನ್ನ ನೋಡಿದಾರೆ, ಹಾಗಾಗಿ ಜಿಂಕೆಯಿಂದ ನಾಯಿಗೆ, ನಾಯಿಯಿಂದ ಹಸುಗೆ ದಾರಿ ಇರೋದಂತೂ ನಿಜ. ಆದ್ರೆ ನಿಮ್ಮ ಮನೇಲಿ ಜಿಂಕೆ ಕಾಲಿಗಿಂತ ನಾಯಿ ತಿಂದಿರೋ ಹಸುವಿನ ಸತ್ತೆ ಬಗ್ಗೆ ನನಗೆ ಹೆಚ್ಚು ಅನುಮಾನ. ಮೊದಲನೇ ಹಸು ಕಂದು ಹಾಕಿದಾಗ ಅದನ್ನ ಎಲ್ಲಿ ಹಾಕಿದ್ರಿ ಅಂತ ನೆನಪು ಮಾಡ್ಕೊಳ್ಳಿ.

ಒಮ್ಮೆ ಸೋಂಕು ಬಂದ ಹಸು ಜೀವನಪೂರ್ತಿ ಇಟ್ಕೊಂಡಿರತ್ತೆ, ಹುಟ್ಟೋ ಕರುಗೂ ಹೊಟ್ಟೇಲೇ ದಾಟಿಸತ್ತೆ, ಗುಣ ಮಾಡೋ ಔಷಧಿ ಹಸುಗೆ ಇಲ್ಲ. ಅದಕ್ಕೆ ಸತ್ತೆ, ಕಂದು ಎಲ್ಲಾ ಸುಣ್ಣ ಹಾಕಿ ನಾಯಿ ಕೆದಕದಷ್ಟು ಆಳಕ್ಕೆ ಹೂಳಿ, ಮೇವು ನೀರಿನ ಹತ್ರ ನಾಯಿ ಲದ್ದಿ ಹಾಕದ ಹಾಗೆ ನೋಡ್ಕೊಳ್ಳಿ. ನಾಯಿನ ಹೊಡೆದು ಓಡಿಸಿದ್ರೆ ಊರಿನ ಇನ್ನೊಂದು ನಾಯಿ ಬಂದು ಅದೇ ಜಾಗದಲ್ಲಿ ಕೂರತ್ತೆ, ನಿಮ್ಮದಾದ್ರೆ ಕಟ್ಟಿ, ಬೇಯಿಸಿದ ಊಟ ಹಾಕಿ ಕಾಯಬಹುದು. ನಿಯೋಸ್ಪೊರಾ ಮನುಷ್ಯರಿಗೆ ಕಾಯಿಲೆ ಮಾಡಿದ್ದು ಕಂಡುಬಂದಿಲ್ಲ.

ಪ್ರಶ್ನೆ: ಮನುಷ್ಯರಿಗೆ ಕೊಡೋ ಅಲ್ಬೆಂಡಜೋಲ್ ಮಾತ್ರೆ ಮನೇಲಿದೆ, ಶಾಲೇಲಿ ಕೊಟ್ಟಿದ್ದು. ನಾಯಿಗೆ ಅದನ್ನೇ ಹಾಕಬಹುದಾ? (ಸಿದ್ದಾಪುರ)

ಉತ್ತರ: ಬೇಡ. ನಾಯಿಗಳಲ್ಲಿ ಅದು ಮೂಳೆಮಜ್ಜೆಗೆ ಪೆಟ್ಟು ಕೊಟ್ಟು ರಕ್ತಕಣ ಇಳಿಸಬಹುದು. ದನಕ್ಕೆ ಹಾಕೋ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನೂ ಯಾರೋ ಹೇಳಿದ್ರು ಅಂತ ನಾಯಿಗೆ ಚುಚ್ಚಿಸ್ಬೇಡಿ, ಅದು ಲಾಡಿಹುಳಕ್ಕೆ ಕೆಲಸನೇ ಮಾಡಲ್ಲ, ಕೆಲವು ತಳಿ ನಾಯಿಗಳಿಗೆ ವಿಷ.

ಪ್ರಶ್ನೆ: ಸಾಗರ ತಾಲೂಕಿನ ಓದುಗ. ನಿನ್ನೆ ನಮ್ಮ ನಾಯಿ ಕಾಡಂಚಿಂದ ಸತ್ತ ಮಂಗನ ದೇಹ ಎಳ್ಕೊಂಡು ಅಂಗಳಕ್ಕೆ ತಂದಿದೆ, ಸ್ವಲ್ಪ ತಿಂದೂ ಇದೆ. ತುರ್ತಾಗಿ ಉತ್ತರ ಬೇಕು.

ಉತ್ತರ: ಇವರಿಗೆ ಆಗಲೇ ಫೋನ್ ಮಾಡಿ ಹೇಳಿದೀನಿ, ಉಳಿದವರಿಗೂ ಬೇಕಾಗತ್ತೆ ಅಂತ ಇಲ್ಲಿ ಹಾಕ್ತಿದೀನಿ. ಇಲ್ಲಿ ಹೊಟ್ಟೆ ಹುಳದ ಚಿಂತೆ ಆಮೇಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ, ಉಣುಗು ಕಚ್ಚಿ ಮನುಷ್ಯರಿಗೂ ಬರೋ ಮಂಗನ ಕಾಯಿಲೆ ನಿಮ್ಮ ಸುತ್ತಮುತ್ತ ಇವತ್ತಿಗೂ ಇದೆ, ಮಂಗ ಸತ್ತ ಮೇಲೆ ಅದರ ಮೈ ಮೇಲಿದ್ದ ಉಣುಗು ದೇಹ ಬಿಟ್ಟು ಸುತ್ತಲಿನ ತರಗೆಲೆಗೆ, ಹತ್ರ ಬಂದ ನಾಯಿಗೆ, ಜನರಿಗೆ ಹತ್ತತ್ತೆ. ದೇಹನ ಮುಟ್ಟಬೇಡಿ, ಎಳೆದು ಬಿಸಾಡಬೇಡಿ, ಆ ಜಾಗಕ್ಕೆ ಯಾರನ್ನೂ ಬಿಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಕ್ಷಣ ತಿಳಿಸಿ. ನಾಯಿನ ಮನೆ ಒಳಗೆ ಬಿಡದೆ ಹೊರಗೆ ಕಟ್ಟಿ, ಪಶುವೈದ್ಯರನ್ನ ಕೇಳಿ ಉಣುಗು ಕೊಲ್ಲೋ ಔಷಧಿ ಹಾಕ್ಸಿ, ಬರಿಗೈಲಿ ಉಣುಗು ಕಿತ್ತು ಉಗುರಲ್ಲಿ ಹೊಸಕಬೇಡಿ. ಮನೆಯವರು ಕಾಡಂಚಿಗೆ ಹೋಗೋವಾಗ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡೋ ಡೆಪಾ ಎಣ್ಣೆ ಮೈಗೆ ಹಚ್ಕೊಳ್ಳಿ. ಮುಂದಿನ ಎರಡು ವಾರದಲ್ಲಿ ಯಾರಿಗಾದ್ರೂ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಡಾಕ್ಟರಿಗೆ ಮಂಗ ಸತ್ತಿದ್ದ ವಿಷಯವನ್ನ ಮೊದಲು ಹೇಳಿ. ಲಾಡಿಹುಳದ ಮಾತ್ರೆ ಒಂದು ವಾರ ಬಿಟ್ಟು ಕೊಟ್ರೂ ನಡೆಯತ್ತೆ.